ಮುಚ್ಚಳದ ಒಳಗಿನ ತಾರೀಖು

"ಸುಟ್ಟಿದೆ ಅಂತ ನನಗೂ ಗೊತ್ತು. ಸರಿಹೋಗತ್ತಾ ಅಂತ ಕೇಳ್ತಿದೀನಿ," ಎಂದಳು ಅವಳು.

ರಿಪೇರಿಯವನು ಕಾರಿನ ಹಾಡಿಗೆ ಜೋರು ಕೊಡುವ ಆ ಕಪ್ಪು ಪೆಟ್ಟಿಗೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದ. ಇಪ್ಪತ್ತಾರು ವರ್ಷ ಕಾರುಗಳ ಆಂಪ್ಲಿಫೈಯರ್ ಬಿಚ್ಚಿ ಬಿಚ್ಚಿ ಅವನ ಮೂಗು ಮೀಟರಿಗಿಂತ ಚುರುಕಾಗಿತ್ತು. ಸುಟ್ಟಿದ್ದು ಕಾಯಿಲೋ, ಟ್ರಾನ್ಸಿಸ್ಟರೋ, ಬರೀ ಧೂಳೋ ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳಿಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿರುತ್ತಿತ್ತು. ಹತ್ತನೆಯದನ್ನು ಅವನ ಹೆಂಡತಿ ಮಾತ್ರ ನೆನಪಿಟ್ಟುಕೊಳ್ಳುತ್ತಿದ್ದಳು.

"ಸರಿಹೋಗದೇ ಇರೋದು ಅಂತ ಯಾವುದೂ ಇಲ್ಲಮ್ಮ. ಆದ್ರೆ ಇದು ಪೆಟ್ಟು ತಿಂದಿದೆ, ಮೂಲೆ ನೋಡಿ. ಹೊಸದು ತಗೊಳ್ಳೋದೇ ವಾಸಿ."

"ಹೊಸದು ಬೇಡ. ಇದೇ ಆಗ್ಬೇಕು. ನನ್ನ ತಮ್ಮನ ಕಾರಲ್ಲಿ ಇದ್ದಿದ್ದು."

ಸ್ಟೂಲು ತೋರಿಸಿದರೂ ಅವಳು ಕೂರಲಿಲ್ಲ. ಬಟ್ಟೆ ಕಾರ್ಖಾನೆಯ ಪಾಳಿ ಮುಗಿಸಿ ನೇರ ಬಂದಿದ್ದಳೆಂದು ಕಾಣುತ್ತದೆ, ತೋಳಿಗೆ ನೀಲಿ ದಾರದ ತುಂಡುಗಳು ಅಂಟಿಕೊಂಡಿದ್ದವು. ಬಹಳ ಸಲ ಹೇಳಿ ಸವೆದ ಮಾತಿನಂತೆ ಒಂದೇ ಸಮನೆ ಹೇಳಿದಳು. ಕಳೆದ ತಿಂಗಳು ಇಪ್ಪತ್ತನೇ ತಾರೀಖು, ಗೇಟಿಲ್ಲದ ಕಡೆ ತಮ್ಮ ರೈಲು ಹಳಿ ದಾಟಲು ಹೋಗಿದ್ದ. ಕಾರಿನ ಮುಂಭಾಗ ಉಳಿಯಲಿಲ್ಲ, ತಮ್ಮನೂ ಉಳಿಯಲಿಲ್ಲ. ಹಿಂದಿನ ಸೀಟಿನ ಬೆನ್ನಿಗೆ ಕೂರಿಸಿದ್ದ ಈ ಪೆಟ್ಟಿಗೆ ಮಾತ್ರ ಒಂದು ಮೂಲೆ ನೆಗ್ಗಿಸಿಕೊಂಡು ಮನೆಗೆ ಬಂತು. ತಿರುವಿನಿಂದಲೇ ಹಾರ್ನ್ ಹೊಡೆಯುತ್ತ ಬಂದೆ ಎಂದು ರೈಲಿನ ಚಾಲಕ ಹೇಳಿದ್ದ. ಹುಡುಗ ಹಾಡು ಜೋರಾಗಿ ಹಾಕಿಕೊಂಡಿದ್ದ, ಕೇಳಿಸಿಲ್ಲ ಎಂದು ಊರೇ ತೀರ್ಮಾನಿಸಿತ್ತು. ಅವನ ಕಾರು ಬೀದಿಗೆ ಬರುವ ಮೊದಲು ಅದರ ಸದ್ದು ಬರುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ವಿಷಯ.

"ಇದನ್ನ ಕೊಡಿಸಿದ್ದು ನಾನು," ಎಂದಳು. "ಅವನಿಗೆ ಲೈಸೆನ್ಸ್ ಬಂದಾಗ. ಅಮ್ಮ ಇದನ್ನ ನೋಡಿದ್ರೆ ಮುಖ ತಿರುಗಿಸ್ತಾಳೆ. ಗುಜರಿಗೆ ಹಾಕು ಅಂತಾಳೆ."

"ಹಾಕ್ಬಿಡಿ ಮತ್ತೆ. ಯಾಕೆ ಗಾಯ ಕೆದಕ್ಕೋತೀರಿ?"

"ಹಾಕ್ತೀನಿ. ಅದಕ್ಕೆ ಮುಂಚೆ ಒಂದೇ ಒಂದು ಸಲ ಗಾಡೀಲಿ ಕೂತು ಕೇಳ್ಬೇಕು. ಅವನು ಇಡ್ತಿದ್ದಷ್ಟೇ ಜೋರಾಗಿ. ಹೊರಗಿಂದ ಯಾರಾದ್ರೂ ಹಾರ್ನ್ ಹೊಡೀಬೇಕು. ಒಳಗಿರೋರಿಗೆ ನಿಜವಾಗ್ಲೂ ಕೇಳಿಸಲ್ವಾ ಅಂತ ನನಗೆ ಗೊತ್ತಾಗ್ಬೇಕು."

ಬಾಯಿಬಡುಕ ಎಂದು ಹೆಸರಾಗಿದ್ದ ರಿಪೇರಿಯವನು ಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಬಿಟ್ಟುಹೋಗಿ, ಬಿಚ್ಚಿ ನೋಡಿ ಹೇಳ್ತೀನಿ ಎಂದು ಕಳಿಸಿದ.

ಅವಳು ಬೀದಿಯ ತಿರುವು ದಾಟಿದ ಮೇಲೆ ಸ್ಕ್ರೂ ಬಿಚ್ಚಿದ. ಅವನದೊಂದು ಪದ್ಧತಿಯಿತ್ತು. ಬಿಚ್ಚಿದ ಪ್ರತಿಯೊಂದು ಪೆಟ್ಟಿಗೆಯ ಮುಚ್ಚಳದ ಒಳಗೆ ಮೊಳೆಯಿಂದ ಆ ದಿನದ ತಾರೀಖು ಗೀಚುತ್ತಿದ್ದ. ನಿನ್ನೆ ಮೊನ್ನೆ ತಾನೇ ರಿಪೇರಿ ಮಾಡಿಸಿದ್ದೆ ಎಂದು ಜಗಳಕ್ಕೆ ಬರುವ ಗಿರಾಕಿಗಳಿಗೆ ಆ ಗೀಚೇ ಉತ್ತರವಾಗುತ್ತಿತ್ತು. ಸತ್ತ ಬಿಡಿಭಾಗಗಳ ಮೇಲೆ ಬಿಳಿ ಬಣ್ಣದ ಚುಕ್ಕೆ ಇಡುವುದೂ ಅಭ್ಯಾಸವಾಗಿತ್ತು. ಈಗ ಮುಚ್ಚಳ ಎತ್ತಿ ದೀಪಕ್ಕೆ ಹಿಡಿದರೆ ಅಲ್ಲಿ ಅವನದೇ ಕೈಬರಹವಿತ್ತು. ಕಳೆದ ತಿಂಗಳು, ಒಂಬತ್ತನೇ ತಾರೀಖು. ಒಳಗೆ ನಾಲ್ಕು ಟ್ರಾನ್ಸಿಸ್ಟರುಗಳು ಸುಟ್ಟು ಒಡೆದಿದ್ದವು. ನಾಲ್ಕರ ಮೇಲೂ ಅವನು ಇಟ್ಟ ಬಿಳಿ ಚುಕ್ಕೆಗಳು ಹಾಗೇ ಇದ್ದವು.

ಇಂಥ ಕಪ್ಪು ಪೆಟ್ಟಿಗೆಗಳು ತಿಂಗಳಿಗೆ ಮೂವತ್ತು ಬರುತ್ತವೆ, ಪೆಟ್ಟಿಗೆ ನೆನಪಿರಲಿಲ್ಲ. ಹುಡುಗ ನೆನಪಾದ. ಮಧ್ಯಾಹ್ನ ಬಂದಿದ್ದ, ಕೈಕಟ್ಟಿಕೊಂಡು ನಿಂತಿದ್ದ. ನಾಲ್ಕು ಹೋಗಿವೆ, ಒಂದು ವಾರ ಬಿಡು ಎಂದಾಗ ತಲೆಯಾಡಿಸಿದ್ದ.

"ಬೇಡ ಬಿಡಿ. ಹಾಗೇ ಮುಚ್ಚಿ ಇದ್ದ ಜಾಗದಲ್ಲೇ ಕೂರಿಸಿಕೊಡಿ. ಕೊಡಿಸಿದ್ದು ಅಕ್ಕ, ಕೆಟ್ಟೋಯ್ತು ಅಂತ ಅವಳಿಗೆ ಗೊತ್ತಾಗೋದು ಬೇಡ."

"ಹಾಡಿಲ್ದೆ ಗಾಡಿ ಓಡಿಸ್ತೀಯಾ?"

"ಸದ್ದಿಲ್ದೆ ಇರೋದೇ ಒಳ್ಳೇದು ಅನ್ಸತ್ತೆ ಈಗೀಗ."

"ಏನಪ್ಪ, ಮೀಸೆ ಚಿಗುರೋ ಮೊದಲೇ ವೈರಾಗ್ಯ ಬಂತಾ?" ಎಂದು ಇವನು ದೊಡ್ಡದಾಗಿ ನಕ್ಕಿದ್ದ. ಹುಡುಗನೂ ಮರ್ಯಾದೆಗೆ ಅಷ್ಟು ನಕ್ಕು ಹೋಗಿದ್ದ.

ಆ ಕಾರಿನ ಸ್ಪೀಕರುಗಳೆಲ್ಲ ಈ ಪೆಟ್ಟಿಗೆಯ ಮೂಲಕವೇ ಹಾಡಬೇಕಿತ್ತು. ಪೆಟ್ಟಿಗೆ ಸತ್ತ ಮೇಲೆ ಕಾರಿನಲ್ಲಿ ಇಂಜಿನ್ ಸದ್ದು ಬಿಟ್ಟರೆ ಬೇರೇನೂ ಇರಲು ಸಾಧ್ಯವಿರಲಿಲ್ಲ. ಇಪ್ಪತ್ತನೇ ತಾರೀಖು ಹುಡುಗ ಆ ಮೌನದೊಳಗೆ ಕೂತು ಹಳಿಯ ಹತ್ತಿರ ಹೋಗಿದ್ದ. ರಿಪೇರಿಯವನು ಮುಚ್ಚಳವನ್ನು ಮೇಜಿನ ಮೇಲೆ ಬೋರಲು ಹಾಕಿದ.

"ಯಾಕೆ, ದೆವ್ವ ಕಂಡೋರ ಹಾಗೆ ಕೂತಿದೀರಿ?" ಟೀ ತಂದ ಹೆಂಡತಿ ಕೇಳಿದಳು. ಅವನು ಎಲ್ಲವನ್ನೂ ಹೇಳಿದ.

"ಹೇಳ್ಬಿಡಿ ಆ ಹುಡುಗಿಗೆ," ಎಂದಳು ಹೆಂಡತಿ. "ಪಾಪ, ತನ್ನಿಂದಲೇ ಆಯ್ತು ಅಂತ ಕೊರಗ್ತಿದಾಳೆ. ನಿಮ್ಮ ಒಂದು ಮಾತಿಗೆ ಆ ಹೊರೆ ಇಳಿಯತ್ತೆ."

"ಇಳಿದ ಮೇಲೆ? ಆ ಜಾಗಕ್ಕೆ ಏನು ಬಂದು ಕೂರತ್ತೆ ಗೊತ್ತಾ?"

ಅವಳು ಟೀ ಲೋಟವನ್ನು ಅವನ ಕಡೆ ಸರಿಸಿದಳು. "ಬೇಕು ಅಂತಾನೇ ಹೋದ ಅಂತ ನೀವು ಹೇಗೆ ಹೇಳ್ತೀರಿ? ನಿದ್ದೆ ಹತ್ತಿರಬಹುದು. ಏನೋ ಯೋಚನೇಲಿ ಇದ್ದಿರಬಹುದು."

"ಇರಬಹುದು. ನನಗೇನು ಗೊತ್ತು? ಎದುರಿಗೆ ನಿಂತು ಹೇಳಿದಾಗ ನಾನು ನಗಾಡಿ ಕಳಿಸ್ದೆ."

ಹೇಳಿದರೂ ಕಷ್ಟ, ಬಿಟ್ಟರೂ ಕಷ್ಟ. ಬಾಯಲ್ಲಿಟ್ಟ ಬಿಸಿ ತುಪ್ಪವನ್ನು ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ರಿಪೇರಿ ಆಗಲ್ಲ ಎಂದುಬಿಟ್ಟರೆ ಪೆಟ್ಟಿಗೆ ಗುಜರಿಗೆ ಹೋಗುತ್ತದೆ, ತಾರೀಖೂ ಅದರ ಜೊತೆ ಹೋಗುತ್ತದೆ ಎಂದು ಲೆಕ್ಕ ಹಾಕಿ ಮರುದಿನ ಆ ಹುಡುಗಿಗೆ ಫೋನ್ ಮಾಡಿದ. ಅವಳು "ಹೇಳಿ" ಎಂದಳು. ಆ ಒಂದು ಮಾತಿನಲ್ಲಿ ಎಷ್ಟು ಆಸೆಯಿತ್ತೆಂದರೆ, "ಗುರುವಾರ ಬನ್ನಿ, ರೆಡಿ ಇರತ್ತೆ" ಎಂದು ಅವನ ಬಾಯಿ ತಾನೇ ಹೇಳಿಬಿಟ್ಟಿತು. ಬಂದಾಗ ಕೂರಿಸಿ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡ.

ಮೂರು ದಿನ ಅದೇ ಕೆಲಸ. ನಾಲ್ಕು ಟ್ರಾನ್ಸಿಸ್ಟರ್ ಕಿತ್ತ, ಕರಕಲಾದ ಬೋರ್ಡನ್ನು ಕೆರೆದು ತಂತಿಯ ಸೇತುವೆ ಹಾಕಿದ, ಹೊಸವನ್ನು ಬೆಸೆದ. ಅಂಗಡಿಯಲ್ಲಿ ಸದಾ ಕಿರುಚುತ್ತಿದ್ದ ರೇಡಿಯೋವನ್ನು ಹಾಕಲು ಅವನಿಗೆ ಮನಸ್ಸಾಗಲಿಲ್ಲ. ಆ ಮೌನದಲ್ಲಿ ಹುಡುಗ ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದ, ಕೈಕಟ್ಟಿಕೊಂಡು. ತಿರುಗಿ ನೋಡಿದರೆ ಗೋಡೆಗೆ ನೇತುಹಾಕಿದ ವೈರುಗಳಷ್ಟೇ ಇರುತ್ತಿದ್ದವು. ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು, ಅದನ್ನು ಹೆಂಡತಿಗೂ ಹೇಳಲಿಲ್ಲ.

ಗುರುವಾರ ಅವಳು ತಮ್ಮನ ಪೆನ್‌ಡ್ರೈವ್ ತಂದಳು. ಪರೀಕ್ಷೆಗೆಂದೇ ಸ್ಪೀಕರ್ ಕೂರಿಸಿದ್ದ ಹಳೆಯ ವ್ಯಾನು ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿತ್ತು. ಅವನು ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿದ. ಪಕ್ಕದ ಗ್ಯಾರೇಜಿನಿಂದ ಲಾರಿಯ ಗಾಳಿ ಹಾರ್ನ್ ತಂದಿಟ್ಟಿದ್ದ.

"ಅದಕ್ಕೆ ಮುಂಚೆ ಒಂದು ಮಾತು," ಎಂದ.

"ಆಮೇಲೆ ಹೇಳಿ," ಎಂದವಳೇ ಅವಳು ಒಳಗೆ ಕೂತು, ಕಿಟಕಿ ಏರಿಸಿ, ಗುಂಡಿಯನ್ನು ಪೂರ್ತಿ ತಿರುಗಿಸಿದಳು. ವ್ಯಾನಿನ ತಗಡು ಗಡಗಡ ನಡುಗಿತು. ಗ್ಯಾರೇಜಿನವರು ಕೆಲಸ ಬಿಟ್ಟು ಇಣುಕಿದರು.

ಅವನು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತ. ಹಾರ್ನ್ ಒತ್ತದೆಯೇ ಒತ್ತಿದೆ ಅನ್ನಬಹುದಲ್ಲ ಎಂದು ಆಗ ಹೊಳೆಯಿತು. ಆದರೆ ಪರೀಕ್ಷೆಗೆ ನಿಂತ ಮೇಲೆ ಸುಳ್ಳು ಪರೀಕ್ಷೆ ಮಾಡಿದ ಕೈ ಅದಲ್ಲ. ಒತ್ತಿದ.

ಹಿಂದಿನ ಗಾಜಿನಲ್ಲಿ ಅವಳ ತಲೆ ಸರ್ರನೆ ತಿರುಗಿತು. ನೇರ ಅವನ ಕಡೆಗೇ ತಿರುಗಿತು. ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಮುಂದಕ್ಕೆ ತಿರುಗಿಕೊಂಡಿತು.

ಅವನು ಎರಡನೇ ಸಲ ಒತ್ತಿದ, ಮೂರನೇ ಸಲವೂ ಒತ್ತಿದ. ಅವಳು ಕದಲಲಿಲ್ಲ. ಭುಜಗಳು ಮಾತ್ರ ಬಿಗಿಯಾಗಿದ್ದವು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಇಳಿದು ಬಂದಳು. ಹಾಡಿನ ಸದ್ದೂ ಅವಳ ಜೊತೆ ಹೊರಗೆ ಬಂತು.

"ಹೊಡೆದ್ರಾ?" ಎಂದು ಕೂಗಿ ಕೇಳಿದಳು.

"ಮೂರು ಸಲ."

"ಏನೂ ಕೇಳಿಸಲಿಲ್ಲ."

ಮೂರು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅವಳು ಅವನನ್ನೇ ನೋಡುತ್ತಿದ್ದಳು, ರೆಪ್ಪೆ ಮಿಟುಕಿಸದೆ. ಅವಳಿಗೆ ಹೇಳಬೇಕಾದದ್ದು ಏನೂ ಉಳಿದಿಲ್ಲ ಎಂದು ಅವನಿಗೆ ಅರ್ಥವಾಯಿತು.

"ಇಲ್ಲಮ್ಮ," ಎಂದ. "ಇಷ್ಟು ಸದ್ದಲ್ಲಿ ಯಾರಿಗೂ ಕೇಳಿಸಲ್ಲ."

"ಅಮ್ಮನಿಗೆ ಹೇಳ್ತೀನಿ. ಏನೂ ಕೇಳಿಸಲ್ಲಮ್ಮ, ನಾನೇ ಕೂತು ನೋಡ್ದೆ ಅಂತ."

ಅವಳು ಕೆಳತುಟಿ ಕಚ್ಚಿಕೊಂಡು ತಲೆ ತಗ್ಗಿಸಿದಳು. ಯಾರೂ ಇಲ್ಲದ ವ್ಯಾನಿನೊಳಗೆ ಹಾಡು ಮುಗಿದು ಇನ್ನೊಂದು ಶುರುವಾಯಿತು. ನಿಲ್ಲಿಸಲು ಇಬ್ಬರೂ ಹೋಗಲಿಲ್ಲ.