ಹೆಣ್ಣಿನ ಕಡೆಯ ಉಪದೇಶಿ

ನನ್ನ ಹೆಸರು ಸಮಾಧಾನಪ್ಪ. ಹುಟ್ಟಿದ ಮೂರನೇ ದಿನಕ್ಕೇ ನಮ್ಮಪ್ಪ ಈ ಹೆಸರಿಟ್ಟುಬಿಟ್ಟರು. ಒಂದು ವರ್ಷ ತಡೆದು ನನ್ನ ಸ್ವಭಾವ ನೋಡಿದ್ದರೆ ಖಂಡಿತ ಇಡುತ್ತಿರಲಿಲ್ಲ. ಚನ್ನಗಿರಿಯ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ನಾನು ಉಪದೇಶಿ. ಸಂತೆಯಲ್ಲಿ, ಅರಳಿಕಟ್ಟೆಯಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ ನಿಂತು ಹನ್ನೊಂದು ವರ್ಷ ಯೇಸುಸ್ವಾಮಿಯ ವಿಷಯ ಸಾರಿದ್ದೇನೆ. ಆ ಹನ್ನೊಂದು ವರ್ಷದಲ್ಲಿ ಒಬ್ಬೇ ಒಬ್ಬ ನರಮನುಷ್ಯ ನನ್ನ ಮಾತನ್ನು ಕಡೆತನಕ ಕೇಳಿದ್ದಿಲ್ಲ. ಒಬ್ಬನಿಗೆ ಎಲೆ ಅಡಿಕೆ ಕೊಳ್ಳುವುದು ನೆನಪಾಗುತ್ತದೆ, ಇನ್ನೊಬ್ಬನಿಗೆ ಬಸ್ಸು ಬರುತ್ತದೆ, ಮತ್ತೊಬ್ಬ ನಿಂತಲ್ಲೇ ತೂಕಡಿಸುತ್ತಾನೆ. ಸಿಟ್ಟು ಬರುವುದಿಲ್ಲವೇ? ನನಗಂತೂ ಬರುತ್ತದೆ.

ಸಾವಿರದ ಒಂಬೈನೂರ ನಲವತ್ಮೂರರ ಬೇಸಿಗೆಯಲ್ಲಿ ನಮ್ಮ ಪಾದ್ರಿ ಯೆಶಾಯಪ್ಪ ಅಯ್ಯನವರು ನನ್ನನ್ನು ಕರೆದರು. "ಸಮಾಧಾನಪ್ಪ, ಯೂನಿವರ್ಸಿಟಿ ಹುಡುಗರು ಮೈಸೂರಿಂದ ರಜಕ್ಕೆ ಊರಿಗೆ ಬಂದಿದ್ದಾರೆ. ಓದಿದ ಹುಡುಗರು, ಕೇಳೋ ಬುದ್ಧಿ ಇರ್ತದೆ. ಅವರಿಗೆ ಹೋಗಿ ಹೇಳು," ಎಂದು ಒಂದು ಚೀಟಿ ಕೊಟ್ಟರು. ಚೀಟಿಯಲ್ಲಿ ಮೂರು ಹೆಸರು. ಹೊನ್ನಾಳಿಯಲ್ಲಿ ಒಬ್ಬ, ನ್ಯಾಮತಿ ಕಡೆ ಸವಳಂಗದಲ್ಲಿ ಒಬ್ಬ, ಜಗಳೂರಿನಲ್ಲಿ ಒಬ್ಬ. "ಮೂವರಲ್ಲಿ ಒಬ್ಬನಾದರೂ ಕಡೆತನಕ ಕೇಳಿ, ಕೇಳಿದೆ ಅಂತ ಕೈಯಾರೆ ಬರೆದು ಕೊಡಬೇಕು. ಇಲ್ಲದಿದ್ದರೆ ಸಾರೋ ಕೆಲಸ ನಿನಗೆ ಆಗಿಬರೋದಿಲ್ಲ ಅಂತ ಲೆಕ್ಕ. ಜೂನ್‌ನಿಂದ ನಮ್ಮ ಶಾಲೆಯ ಶಿಶುತರಗತಿಗೆ ಹೋಗು."

ನಮ್ಮ ಶಿಶುತರಗತಿ ಅಂದರೆ ನಲವತ್ತೆರಡು ಮೂಗು, ನಲವತ್ತೆರಡೂ ಸೋರುವಂಥವು. ಹೊರಡುವಾಗ ಅಯ್ಯನವರು ಒಂದು ಬುದ್ಧಿಮಾತನ್ನೂ ಹೇಳಿದರು. "ಹೋದವನೇ ಶುರು ಹಚ್ಚಬೇಡ. ನಿನ್ನದು ಅದೇ ತಪ್ಪು. ಮೊದಲು ಹುಡುಗನ ಓದು, ಆರೋಗ್ಯ, ಮನೆ, ಅಭ್ಯಾಸ ಎಲ್ಲ ನಿಧಾನಕ್ಕೆ ವಿಚಾರಿಸು." ನನ್ನನ್ನು ಹಾಳು ಮಾಡಿದ್ದೇ ಆ ಬುದ್ಧಿಮಾತು.

ಹೊನ್ನಾಳಿಯಲ್ಲಿ ದುರುಗಪ್ಪನವರ ಮನೆ ಬಾಗಿಲಲ್ಲಿ ನಿಂತು, "ನಿಮ್ಮ ಹುಡುಗ ಬಿ.ಎ. ಓದ್ತಾನಂತಲ್ಲ, ಸುಮ್ಮನೆ ಈ ಕಡೆ ಬಂದಿದ್ದೆ, ನೋಡಿಕೊಂಡು ಹೋಗೋಣ ಅಂತ," ಎಂದೆ. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಎರಡೇ ನಿಮಿಷದಲ್ಲಿ ಕಾಲಿಗೆ ನೀರು, ಕೂರಲು ಜಮಖಾನ, ಮುಂದೆ ತಟ್ಟೆ ತುಂಬ ಉಪ್ಪಿಟ್ಟು. ಓದಿದವರ ಮನೆ ಅಂದರೆ ಹೀಗಿರಬೇಕು ಎಂದುಕೊಂಡು ಗಡದ್ದಾಗಿ ತಿಂದೆ. ಆಮೇಲೆ ಹುಡುಗನ ಆರೋಗ್ಯ ವಿಚಾರಿಸಿದೆ. ದುರುಗಪ್ಪನವರು ಮಗನನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆಸಿ ತೋರಿಸಿದರು. ಅಭ್ಯಾಸ ವಿಚಾರಿಸಿದೆ. "ಬಾಯಿ ತೆಗಿಯಲೇ," ಎಂದು ಮಗನ ಹಲ್ಲು ತೋರಿಸಿದರು. ಹೊಗೆಸೊಪ್ಪಿನ ಕಲೆ ಒಂದೂ ಇರಲಿಲ್ಲ. ಮನೆ ವಿಚಾರಿಸಿದ್ದೇ ತಡ, ಕೊಟ್ಟಿಗೆ, ಬಾವಿ, ಕಣಜ ಎಲ್ಲ ಸುತ್ತಿಸಿದರು. ನಾನು ಬಾಯಿ ತೆರೆದಾಗಲೆಲ್ಲ ಇನ್ನೊಂದು ಎಮ್ಮೆ ತೋರಿಸುತ್ತಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ ಬಾಗಿಲ ಹಿಂದಿನಿಂದ ಅವರ ಹೆಂಡತಿ ಕೇಳಿದರು: "ಅಲ್ರೀ, ಹುಡುಗಿಗೆ ಎಷ್ಟು ವರ್ಸ ಆಗೈತೆ?"

ಅಯ್ಯೋ ನನ್ನ ಕರ್ಮವೇ! ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಬಂದಾಗ, ನೋಡಲು ಬಂದೆವು ಎಂದು ಬಾಯಿ ಬಿಡುವುದಿಲ್ಲ. ಎತ್ತು ಕೊಳ್ಳಲು ಬಂದೆ, ಬೀಜ ಕೇಳಲು ಬಂದೆ, ಸುಮ್ಮನೆ ಈ ಕಡೆ ಬಂದೆ ಎನ್ನುತ್ತಾರೆ. ಒಪ್ಪಿಗೆಯಾಗದಿದ್ದರೂ ಎರಡು ಕಡೆಯ ಮಾನ ಉಳಿಯಲಿ ಎಂದು. ಮೂವತ್ತೆಂಟು ವರ್ಷ ಇದೇ ನೆಲದಲ್ಲಿ ಬದುಕಿದ ನನಗೆ ಇದು ಹೊಳೆಯಲಿಲ್ಲವಲ್ಲ! ನನಗೋ ಮದುವೆಯೇ ಆಗಿಲ್ಲ, ಇಂಥದ್ದು ಹೊಳೆಯುವುದಾದರೂ ಹೇಗೆ?

ಸವಳಂಗದಲ್ಲಿ ಎಚ್ಚರವಾಗಿದ್ದೆ. ಬಸವರಾಜಪ್ಪನವರ ಹೊಸ್ತಿಲು ದಾಟುವ ಮೊದಲೇ, "ನಾನು ಹೆಣ್ಣಿನ ಕಡೆಯವನಲ್ಲ!" ಎಂದು ಗಟ್ಟಿಯಾಗಿ ಹೇಳಿದೆ. ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಉಪ್ಪಿಟ್ಟಿನ ಬದಲು ಹೋಳಿಗೆಯೇ ಬಂತು. ಚೀಲದಿಂದ ವೇದಪುಸ್ತಕ ತೆಗೆದು, "ನೋಡಿ ಸ್ವಾಮಿ, ನಾನು ಕ್ರೈಸ್ತ ಉಪದೇಶಿ," ಎಂದೆ.

ಬಸವರಾಜಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೋದ ತಿಂಗಳು ಬಂದೋರು ಸಿಡುಬಿನ ದಾಕು ಹಾಕಾಕೆ ಬಂದೀವಿ ಅಂದಿದ್ರು. ನಿಮ್ದು ಅದಕ್ಕಿಂತ ಚೆನ್ನಾಗೈತೆ ಬಿಡ್ರಿ! ಪುಸ್ತಕಾನೂ ತಂದೀರಲ್ಲ!"

ಅವರ ಮಗ ಓಂಕಾರಪ್ಪ ತಲೆಗೆ ಎಣ್ಣೆ ಸುರಿದುಕೊಂಡು, ಆ ಉರಿಬಿಸಿಲಲ್ಲಿ ಕೋಟು ಹಾಕಿಕೊಂಡು ಬಂದು ನನ್ನೆದುರು ಕೂತ. ಬಿ.ಎ. ಓದುವವನು, ಕೈಕಟ್ಟಿ, ಕಣ್ಣರಳಿಸಿ ಕೂತಿದ್ದಾನೆ! ಶುರು ಮಾಡಿದೆ. ಎರಡು ಮಾತು ಆಡಿದ್ದೆನೋ ಇಲ್ಲವೋ, ಹುಡುಗ ಮುಂದಕ್ಕೆ ಬಾಗಿ ಪಿಸುಗುಟ್ಟಿದ: "ಅದಿರ್ಲಿ ಮಾವ, ಹುಡುಗಿ ಹಾಡು ಹೇಳ್ತಾಳಾ?" ಹೋಳಿಗೆ ಅಲ್ಲೇ ಬಿಟ್ಟು ಎದ್ದು ಬಂದೆ. ಅರ್ಧ ಹೋಳಿಗೆ ಬಿಟ್ಟದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಉಳಿದದ್ದು ಜಗಳೂರು. ಯುದ್ಧದ ಕಾಲ, ಪೆಟ್ರೋಲಿಲ್ಲ, ಬಸ್ಸುಗಳೆಲ್ಲ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅಂದರೆ ನಾವು ದೂಡುತ್ತಿದ್ದೆವು. ಸಂತೇಬೆನ್ನೂರು ದಾಟಿದ ಮೇಲೆ ಒಂದು ದಿಬ್ಬಕ್ಕೆ ಮೂರು ಸಲ ಇಳಿದು ದೂಡಿದೆ. ಜಗಳೂರು ತಲುಪುವಾಗ ನನ್ನ ಬಿಳಿ ಕೋಟು ಕರಿ ಕೋಟಾಗಿತ್ತು. ಇವನೊಬ್ಬ ಕೇಳದಿದ್ದರೆ ನನ್ನ ಗತಿ ಶಿಶುತರಗತಿಯೇ ಎಂದು ದಾರಿಯುದ್ದಕ್ಕೂ ಅದೇ ಚಿಂತೆ.

ಊರ ಹೊರಗೆ ಅಂಜಿನಪ್ಪನವರ ಮನೆ. ಕುರಿ ಸಾಕುವವರು, ಮುನ್ನೂರು ಕುರಿಯ ದೊಡ್ಡ ಮಂದೆ. ನಾನು ದೂರದಲ್ಲಿ ಬರುತ್ತಿರುವಂತೆಯೇ ಅಂಜಿನಪ್ಪ, "ಅವ್ವಾ, ಯಾರೋ ಕೊಡೆ ಹಿಡ್ಕಂಡು ಬಂದ್ರು, ಹೆಣ್ಣಿನ ಕಡೇರೇ ಇರ್ಬೇಕು!" ಎಂದು ಕೂಗಿದರು. ಜಗುಲಿಯಲ್ಲಿ ಓದುತ್ತಿದ್ದ ಮಗ ನಾಗೇಂದ್ರಪ್ಪ ಪುಸ್ತಕ ಎಸೆದು ಅಟ್ಟ ಹತ್ತಿಬಿಟ್ಟ. ನನಗೆ ಕಂಡದ್ದು ಅವನ ಎರಡು ಅಂಗಾಲು ಮಾತ್ರ.

"ನಾಚ್ಕೆ," ಎಂದರು ಅಂಜಿನಪ್ಪ. "ನೀವು ಚಿಂತಿ ಮಾಡಬ್ಯಾಡ್ರಿ. ನಿಮ್ಗೆ ಒಪ್ಪಿಗೆ ಆತು ಅಂದ್ರೆ ಮೈಸೂರು ಗಿಯ್ಸೂರು ಎಲ್ಲ ಬಂದ್. ಇಲ್ಲೇ ಕುರಿ ನೋಡ್ಕಂಡು ಇರ್ತಾನೆ." ಅಟ್ಟದ ಮೇಲಿಂದ ಯಾರೋ ನರಳಿದ್ದು ಕೇಳಿಸಿತು.

ಅಂಜಿನಪ್ಪನವರ ತಾಯಿ ಅಜ್ಜಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಆ ಮನೆಯಲ್ಲಿ ಅವರ ಮಾತೇ ಕೊನೆ ಎಂಬುದು ಕೂತ ಭಂಗಿಯಲ್ಲೇ ತಿಳಿಯುತ್ತಿತ್ತು. "ನಿಮ್ದು ಯಾವ ಬೆಡಗು?" ಎಂದು ಕುಲ ವಿಚಾರಿಸಿದರು.

"ಬೆಡಗು ಇಲ್ಲ ಅಜ್ಜಿ, ನಾನು ಕ್ರಿಸ್ತನವನು."

"ಹೇಳಾಕಿಷ್ಟ ಇಲ್ಲಾಂದ್ರೆ ಬಿಡಪ್ಪ. ಮಾತು ಹೊಟ್ಟೇಲಿಟ್ಕಳ್ಳೋ ಜನ ಒಳ್ಳೇರೇ."

ಅಷ್ಟೇ, ನನ್ನ ಪಿತ್ತ ನೆತ್ತಿಗೇರಿತು. ಎದ್ದು ನಿಂತೆ. "ನನಗೆ ಮಗಳೂ ಇಲ್ಲ, ತಂಗಿಯೂ ಇಲ್ಲ! ಒಂದು ಮಾತು ಹೇಳೋಕೆ ಮೂರು ತಾಲ್ಲೂಕು ಅಲೆದಿದ್ದೇನೆ! ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತು ಕೇಳ್ರಿ!" ಎಂದು ಅಬ್ಬರಿಸಿದೆ. ಮನೆ ಗಪ್‌ಚಿಪ್ ಆಯಿತು. ಹೆಣ್ಣಿನ ಕಡೆಯ ಹಿರಿಯ ಸಿಟ್ಟಾದರೆ ಎದುರು ಮಾತಾಡುವವರು ಯಾರು? ಅಂಜಿನಪ್ಪ ಕೈಮುಗಿದುಕೊಂಡು ಕೂತರು.

ಕುರಿ ಮನೆ ಅಲ್ಲವೇ, ಕುರಿಯ ಕತೆಯನ್ನೇ ಎತ್ತಿಕೊಂಡೆ. ನೂರು ಕುರಿಯ ಒಡೆಯನೊಬ್ಬ, ಒಂದು ಕುರಿ ಕಳೆದುಹೋದಾಗ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋದದ್ದು, ಸಿಕ್ಕ ಮೇಲೆ ಹೆಗಲ ಮೇಲೆ ಹೊತ್ತು ತಂದದ್ದು, ದೇವರೂ ನಮ್ಮನ್ನು ಹಾಗೇ ಹುಡುಕುತ್ತಾನೆ ಎಂಬುದು, ಎಲ್ಲ ಹೇಳಿದೆ. ಯಾರೂ ಏಳಲಿಲ್ಲ. ಯಾರೂ ಆಕಳಿಸಲಿಲ್ಲ. ಅಜ್ಜಮ್ಮ ಕಣ್ಣು ಮಿಟುಕಿಸದೆ ಕೇಳಿದರು. ಕತೆ ಮುಗಿಯಿತು. ಮುಗಿದ ಮೇಲೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ, ಅಷ್ಟು ದೂರ ನಾನು ಎಂದೂ ಹೋಗಿರಲಿಲ್ಲ. ಸಂತೋಷಕ್ಕೆ ಹಾಗೇ ಕೂತುಬಿಟ್ಟೆ.

"ಉಳಿದ ತೊಂಬತ್ತೊಂಬತ್ತು ಕುರಿ ಯಾರ ಕೈಗೆ ಒಪ್ಸಿ ಹೋದ?" ಎಂದು ಅಜ್ಜಮ್ಮ ಕೇಳಿದರು.

"ಯಾರ ಕೈಗೂ ಇಲ್ಲ ಅಜ್ಜಿ. ಅಡವೀಲೇ ಬಿಟ್ಟು ಹೋದ."

"ನಾಯಿ ಇತ್ತಾ?"

"ನಾಯಿ ವಿಷಯ ಏನೂ ಬರೆದಿಲ್ಲ."

"ತ್ವಾಳ ಬಂದಿದ್ರೆ?"

ಅಜ್ಜಮ್ಮ ಮಗನ ಕಡೆ ತಿರುಗಿದರು. "ಅಂಜಿನಿ, ಈ ಸಂಬಂಧ ಬ್ಯಾಡ. ಇವ್ರ ಮನಸ್ಸು ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಮಂದೆ ಅಡವೀಲಿ ಬಿಟ್ಟು ಹೋಗಾ ಮನೆ ಹೆಣ್ಣು ನಮ್ಮ ಹಟ್ಟಿಗೆ ಆಗಲ್ಲ."

"ಅದೇನ್ರೀ ಹಾಗಂದ್ರೆ! ನಮ್ಮ ಹುಡುಗಿಗೆ ಏನು ಕಮ್ಮಿಯಾಗಿದೆ?" ಎಂದು ನಾನು ಎಗರಿದೆ. ಮಾತು ಹೊರಬಿದ್ದ ಮೇಲೆ ಯಾವ ಹುಡುಗಿ ಎಂದು ನನಗೇ ಗೊತ್ತಾಗಲಿಲ್ಲ. ಇಲ್ಲದ ಹುಡುಗಿಗಾಗಿ ಎಷ್ಟು ಅವಮಾನವಾಯಿತು ಅಂದರೆ, ಕೊಟ್ಟ ಮಜ್ಜಿಗೆಯನ್ನೂ ಕುಡಿಯಲಿಲ್ಲ.

ಅಂಗಳಕ್ಕೆ ಬರುವಷ್ಟರಲ್ಲಿ ನಾಗೇಂದ್ರಪ್ಪ ಅಟ್ಟದಿಂದ ಧುಮುಕಿ ಓಡಿಬಂದು ನನ್ನ ಕಾಲು ಹಿಡಿದ. "ಸಾರ್, ಬದುಕಿಸಿದ್ರಿ! ಇನ್ನು ಜೂನ್‌ಗೆ ಮೈಸೂರಿಗೆ ಹೋಗ್ತೀನಿ. ನಿಮ್ಗೆ ಏನು ಬೇಕು ಕೇಳ್ರಿ." ನಾನು ಅಯ್ಯನವರಿಗೆ ಬರೆಸಿಕೊಂಡು ಹೋಗಬೇಕಾದ ಚೀಟಿಯ ವಿಷಯ ಹೇಳಿದೆ. ಅವನು ತಕ್ಷಣ ಪೆನ್ನು ತೆಗೆದ.

"ಪೂರ್ತಿ ಕೇಳಿದೆಯೇನಪ್ಪ?" ಎಂದೆ.

"ಭಯಕ್ಕೆ ಎರಡು ಕಂಬಳಿ ಹೊದ್ಕಂಡು ಮಲಗಿದ್ದೆ ಸಾರ್, ಕೊನೇಲಿ ಅಜ್ಜಿ ಬ್ಯಾಡ ಅಂದಿದ್ದು ಬಿಟ್ರೆ ಒಂದಕ್ಷರ ಕೇಳಿಸಿಲ್ಲ. ಅದಕ್ಕೇನು, ಕೇಳಿದೆ ಅಂತ ಬರ್ದು ಕೊಡ್ತೀನಿ."

ನಿಜ ಹೇಳುತ್ತೇನೆ, ಆಸೆಯಾಯಿತು. ಇಷ್ಟು ದಿನ ನಿಜವನ್ನೇ ಹೇಳಿದೆ, ಒಬ್ಬರೂ ನಂಬಲಿಲ್ಲ. ಈ ಸುಳ್ಳನ್ನು ಎಲ್ಲರೂ ನಂಬುತ್ತಿದ್ದರು. ಆದರೂ ಅವನ ಪೆನ್ನು ಮುಚ್ಚಿಸಿದೆ. "ಕೂತ್ಕೋ, ಮೊದಲಿಂದ ಹೇಳ್ತೀನಿ," ಎಂದು ಶುರು ಮಾಡಿದೆ. ಕಂಬಳಿಯ ಬೇಗೆಯಲ್ಲಿ ಬಳಲಿದ್ದನೋ ಏನೋ, ಕುರಿ ಕಳೆದುಹೋಗುವಷ್ಟರಲ್ಲಿ ಹುಡುಗ ಗೊರಕೆ ಹೊಡೆಯುತ್ತಿದ್ದ. ಅಲುಗಿಸಿ ಎಬ್ಬಿಸಿ, ನಡೆದದ್ದನ್ನು ನಡೆದ ಹಾಗೆ ಬರೆಸಿದೆ: "ನಾನು ಕೇಳಲಿಲ್ಲ. ನಮ್ಮಜ್ಜಿ ಕಡೆತನಕ ಕೇಳಿದ್ದಾರೆ. ಒಪ್ಪಿಲ್ಲ." ಕೆಳಗೆ ಅಜ್ಜಮ್ಮನ ಹೆಬ್ಬೆಟ್ಟು ಹಾಕಿಸಿಕೊಂಡೆ. ಇನ್ನು ಶಿಶುತರಗತಿಯೇ ಎಂದು ಬಸ್ಸಿನಲ್ಲಿ ಕೂತು, ನಾಚಿಕೆ ಬಿಟ್ಟು ಅತ್ತೆ. ಹೊಗೆ ಕಣ್ಣಿಗೆ ಹೋಯಿತೆಂದು ಪಕ್ಕದವರು ಅಂದುಕೊಂಡರು.

ಅಯ್ಯನವರು ಚೀಟಿಯನ್ನು ಓದಿದರು. ಮತ್ತೊಮ್ಮೆ ಓದಿದರು. ನಾನು ನಡೆದದ್ದನ್ನೆಲ್ಲ ಒಪ್ಪಿಸಿದೆ, ಇಲ್ಲದ ಹುಡುಗಿಗಾಗಿ ಜಗಳವಾಡಿದ್ದನ್ನೂ ಬಿಡಲಿಲ್ಲ. ಅಯ್ಯನವರು ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮೂವತ್ತು ವರ್ಷದಿಂದ ನಾನೂ ಈ ಕತೆ ಹೇಳ್ತಾ ಇದ್ದೀನಿ ಕಣೋ. ಎಲ್ಲರೂ ಚೆನ್ನಾಗಿದೆ ಅಂದು ಮನೆಗೆ ಹೋದ್ರು. ಆ ತೊಂಬತ್ತೊಂಬತ್ತು ಏನಾದ್ವು ಅಂತ ಒಬ್ಬರೂ ಕೇಳಲಿಲ್ಲ. ನಿಜವಾಗಿ ಕೇಳಿದೋಳು ಆಕೆಯೊಬ್ಬಳೇ."

"ಹಾಗಾದರೆ ಶಿಶುತರಗತಿ?" ಎಂದೆ ಹೆದರುತ್ತ.

"ಅದಕ್ಕೆ ಬೇರೆಯವರನ್ನು ನೋಡ್ತೀನಿ. ನೀನು ನಾಳೆ ಮತ್ತೆ ಜಗಳೂರಿಗೆ ಹೋಗು."

"ಹೋಗಿ ಆ ಅಜ್ಜಿಗೆ ಏನಂತ ಹೇಳಲಿ ಅಯ್ಯನವರೇ? ಅದಕ್ಕೆ ಉತ್ತರ ನನಗೆ ಗೊತ್ತಿಲ್ಲವಲ್ಲ!"

"ಹೇಳೋದು ಏನೂ ಬೇಡ," ಎಂದರು ಅಯ್ಯನವರು. "ಎಪ್ಪತ್ತು ವರ್ಷ ಕುರಿ ಕಾದೋಳು. ಕುರಿ ಕಳೆದುಹೋದಾಗ ತಾನೇನು ಮಾಡ್ತಿದ್ಲು ಅಂತ ಕೇಳು. ಕಡೆತನಕ ಕೇಳಿಕೊಂಡು ಬಾ."