ಮರಸೇಬಿನ ಮರದ ಕೂಸು

ನಾನು ಒಂದು ಅಚ್ಚು. ಮರಸೇಬಿನ ಮರದ ಹಲಗೆಯಲ್ಲಿ ಕೆತ್ತಿದ, ಬಟ್ಟೆಯಲ್ಲಿ ಸುತ್ತಿದ ಕೂಸಿನ ಆಕಾರದ ಅಚ್ಚು. ಹುಟ್ಟಿದ್ದು ಚೆಕ್ ನಾಡಿನ ಮೊರಾವಿಯಾ ಸೀಮೆಯ ಒಂದು ಹಳ್ಳಿಯಲ್ಲಿ. ಬಡಗಿ ಒಂದೇ ಕೊರಡಿನಿಂದ ಮೂವರನ್ನು ಕೆತ್ತಿದ: ಕುದುರೆ ಸವಾರ, ಉದ್ದ ಲಂಗದ ಹೆಂಗಸು, ಆಮೇಲೆ ನಾನು. ಜೇನು, ಶುಂಠಿ, ಲವಂಗ ಹಾಕಿ ನಾದಿದ ಹಿಟ್ಟನ್ನು ನಮ್ಮೊಳಗೆ ಒತ್ತಿ ತೆಗೆದು, ಬೇಯಿಸಿ, ಕ್ರಿಸ್‌ಮಸ್ಸಿಗೆ ಹಂಚುವುದು ಆ ಮನೆಯ ವಾಡಿಕೆ. ಉಳಿದ ದಿನ ಗೋಡೆಯ ಮೇಲೆ ಅಪ್ಪ ಅಮ್ಮನ ನಡುವೆ ನೇತಾಡಿಕೊಂಡು ಸುಖವಾಗಿದ್ದೆ.

ಆ ಸುಖಕ್ಕೆ ಕಲ್ಲು ಹಾಕಿದವನು ಮನೆಯ ಹಿರಿಮಗ ವೊಯ್ತಾ. ಸಕ್ಕರೆ ಕಾರ್ಖಾನೆಗಳಲ್ಲಿ ಯಂತ್ರ ಕೂರಿಸುವ ಎಂಜಿನಿಯರು. ಮಂಡ್ಯದ ಕಡೆಯ ಒಂದು ಕಾರ್ಖಾನೆಗೆ ಹೊರಟಾಗ ಅವನ ತಾಯಿ ನನ್ನನ್ನು ಮೊಳೆಯಿಂದ ಇಳಿಸಿ ಪೆಟ್ಟಿಗೆಗೆ ಹಾಕಿದಳು. ನಿನಗೆ ಮಗುವಾದಾಗ ಇದರಲ್ಲಿ ಒತ್ತು, ಆ ಮಗುವಿನ ಜೊತೆಗೆ ಇದನ್ನೂ ಮನೆಗೆ ತಾ ಎಂದಳು.

ಕಬ್ಬಿನ ಊರಿನಲ್ಲಿ ವೊಯ್ತಾ ನಾಲ್ಕು ಜನರ ಮುಂದೆ ಚೆನ್ನಾಜಮ್ಮನಿಗೆ ತಾಳಿ ಕಟ್ಟಿದ. ಅವಳು ನನ್ನನ್ನು ನೋಡಿದವಳೇ ಸಂಕ್ರಾಂತಿಯ ಸಕ್ಕರೆ ಅಚ್ಚೆಂದು ತಿಳಿದು, ನೀರಲ್ಲಿ ನೆನೆಸಿ, ಪಾಕ ಹೊಯ್ದಳು. ಅಲ್ಲಿಯ ಅಚ್ಚುಗಳಿಗೆ ಎರಡು ಹೋಳು, ನನಗೆ ಒಂದೇ. ಈ ಕೂಸಿಗೆ ಬೆನ್ನೇ ಇಲ್ಲವಲ್ಲ ಎಂದು ಓಣಿಯ ಹೆಂಗಸರು ನಕ್ಕರು. ನಾನೂ ನಕ್ಕೆನೆನ್ನಿ.

ಮಗಳು ಕಾಂಚನಾ ಹುಟ್ಟಿದ ವರ್ಷವೇ ವೊಯ್ತಾನ ತಾಯಿಗೆ ಕಾಯಿಲೆಯೆಂದು ತಂತಿ ಬಂತು. ಊರಿನ ಹೆಸರು, ಮನೆಯ ಹೆಸರು ಎರಡನ್ನೂ ಹೆಂಡತಿಗೆ ಬಾಯಿಪಾಠ ಮಾಡಿಸಿ ಅವನು ಹಡಗು ಹತ್ತಿದ. ಹಿಂದೆಯೇ ಯುದ್ಧ ಬಂತು. ಅವನು ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಅವನಿಗೆ ಅಲ್ಲೊಬ್ಬಳು ಹೆಂಡತಿ ಇದ್ದಳು, ಇವಳು ಹೊತ್ತು ಕಳೆಯೋಕೆ ಎಂದು ಊರು ಮಾತಾಡಿಕೊಂಡಿತು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದವರೇ ಆಡಿದರು.

ಕಾಂಚನಾಳನ್ನು ನೋಡಲು ಗಂಡಿನವರು ಬಂದ ದಿನ ತಟ್ಟೆಯಲ್ಲಿ ನನ್ನ ಸಕ್ಕರೆ ಕೂಸುಗಳಿದ್ದವು. ಬಂದವರಲ್ಲೊಬ್ಬಳು ಒಂದನ್ನು ಎತ್ತಿ, ಅಪ್ಪ ಇಲ್ಲದ ಕೂಸನ್ನ ಹಂಚ್ತಾರಲ್ಲ ಎಂದಳು. ಅವರು ಎದ್ದುಹೋದ ಮೇಲೆ ಕಾಂಚನಾ ನನ್ನನ್ನು ಬಚ್ಚಲ ಒಲೆಗೆ ಎಸೆದಳು. ಚೆನ್ನಾಜಮ್ಮ ಬರಿಗೈಯಲ್ಲಿ ಎಳೆದುಕೊಳ್ಳುವಷ್ಟರಲ್ಲಿ ನನ್ನ ಒಂದು ಮೂಲೆ ಕರಕಲಾಗಿತ್ತು. ಮುಂದೆ ಕಾಂಚನಾಳ ಮದುವೆಯಾಯಿತು, ಮಕ್ಕಳಾದವು, ಆದರೆ ಆ ಮನೆಯಲ್ಲಿ ಸಕ್ಕರೆ ಅಚ್ಚು ಹೊಯ್ಯಲಿಲ್ಲ. ನಾನು ಅಟ್ಟ ಸೇರಿದೆ.

ಎಂಬತ್ತು ದಾಟಿದ ಕಾಂಚನಾ ಎದೆನೋವಿನಿಂದ ಆಸ್ಪತ್ರೆ ಸೇರಿದಾಗ ಮಗಳು ಹಂಸವೇಣಿ ನನ್ನನ್ನು ಅಟ್ಟದಿಂದ ಇಳಿಸಿದಳು. ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳುತ್ತಿದ್ದರು, ಮುದುಕಿ ಒಪ್ಪುತ್ತಿರಲಿಲ್ಲ. ಅವಳದು ಒಂದೇ ಹಟ.

"ನಮ್ಮಪ್ಪ ನಮ್ಮನ್ನ ಬುಟ್ಟು ಹೋದ್ನೋ, ಬರಕ್ಕಾಗ್ದೆ ಉಳ್ಕಂಡ್ನೋ, ಅದೊಂದ್ ತಿಳ್ಕಬಾ. ಆಮೇಲೆ ಎಲ್ಲಿ ಬೇಕಾದ್ರೂ ಕುಯ್ಲಿ."

ವೇಣಿ ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮೇಷ್ಟ್ರಮ್ಮ. ತಮ್ಮನನ್ನು ಆಸ್ಪತ್ರೆಯಲ್ಲಿ ಕೂರಿಸಿ, ನನ್ನನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ವಿಮಾನ ಹತ್ತಿದಳು. ಆ ಹಳ್ಳಿಯ ಚರ್ಚಿನ ದಫ್ತರಗಳಲ್ಲಿ ಅಜ್ಜಿ ಹೇಳಿಕೊಟ್ಟ ಮ್ಲಿನಾರ್ ಎಂಬ ಹೆಸರನ್ನು ಹುಡುಕಿಸಿದಳು. ಆ ಹೆಸರಿನ ಮನೆತನ ಇಲ್ಲಿ ಎಂದೂ ಇರಲಿಲ್ಲ ಎಂದರು ದಫ್ತರ ನೋಡಿದವರು. ಸುಳ್ಳು ಹೆಸರು ಹೇಳಿ ಹೋದನೇ? ವೇಣಿ ಚೀಲ ಎತ್ತಿಕೊಂಡು ಬಸ್ಸು ನಿಲ್ಲುವ ಕಡೆಗೆ ನಡೆದಳು.

ಅಂದು ಕ್ರಿಸ್‌ಮಸ್ಸಿನ ಹಿಂದಿನ ದಿನ. ಬಸ್ಸುಗಳು ಬೇಗ ನಿಲ್ಲುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಹಿಮದಲ್ಲಿ ಒಬ್ಬಳೇ ನಿಂತವಳನ್ನು ಕೋಳಿಗೂಡು ಮುಚ್ಚಲು ಬಂದ ಬೋಹುಮಿಲ್ ಎಂಬ ಮುದುಕ ಕಂಡು, ಒಳಗೆ ಕರೆದ. ಆ ಸಂಜೆ ಬಂದವರನ್ನು ಬಾಗಿಲಿಂದ ಕಳಿಸಬಾರದು. ಬರಬಹುದಾದ ಅತಿಥಿಗೆಂದು ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ. ವೇಣಿ ಅದರ ಮುಂದೆ ಕೂತಳು.

ಇನ್ನೊಂದು ಕಟ್ಟಳೆಯನ್ನು ಮುದುಕನ ಮಗಳು ಹಾನಾ ಇಂಗ್ಲಿಷಿನಲ್ಲಿ ಮೊದಲೇ ಹೇಳಿದ್ದಳು: ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲ, ಎದ್ದವರು ಮುಂದಿನ ಕ್ರಿಸ್‌ಮಸ್ ಕಾಣುವುದಿಲ್ಲ. ಮೀನಿನ ಸಾರು ಬಡಿಸುತ್ತಿದ್ದಂತೆ ಬಾಗಿಲ ಬಳಿ ತೂಗುಹಾಕಿದ್ದ ವೇಣಿಯ ಕೋಟಿನಲ್ಲಿ ಫೋನು ಹೊಡೆದುಕೊಂಡಿತು. ಅವಳು ಅರ್ಧ ಎದ್ದಳು. ಮುದುಕ ಚಮಚ ಕೆಳಗಿಟ್ಟ. ಹಾನಾ ಅವಳ ಕೈ ಒತ್ತಿ ಹಿಡಿದಳು. ಫೋನು ಹೊಡೆದುಕೊಂಡು, ಹೊಡೆದುಕೊಂಡು, ಸುಮ್ಮನಾಯಿತು.

ವೇಣಿ ಕಣ್ಣನ್ನು ಮೇಜಿನ ಮೇಲೆ ನೆಟ್ಟಳು. ಅತಿಥಿಯ ತಟ್ಟೆಯ ಮುಂದೆ ತಾನು ಕೂತಾಗಿದೆ, ಆದರೂ ಎರಡು ತಟ್ಟೆ ಖಾಲಿ ಇವೆ. ಇವು ಯಾರಿಗೆ ಎಂದು ಕೇಳಿದಳು.

ಮುದುಕ ಹೇಳುತ್ತಾ ಹೋದ, ಹಾನಾ ಇಂಗ್ಲಿಷಿಗೆ ತಿರುಗಿಸಿದಳು: ಈ ಎರಡು ತಟ್ಟೆ ನನ್ನ ಅಜ್ಜಿಯ ಆಜ್ಞೆ. ದೊಡ್ಡಪ್ಪ ವೊಯ್ತಾ ತಾಯಿಯನ್ನು ನೋಡಲು ಬಂದವನು, ದಾರಿಗಳೆಲ್ಲ ಮುಚ್ಚಿ ಇಲ್ಲೇ ಸಿಕ್ಕಿಬಿದ್ದ. ವಾಪಸು ಹೋಗಲೆಂದು ಕದ್ದು ಗಡಿ ದಾಟುವಾಗ ಸೈನಿಕರು ಹಿಡಿದು ಕೊಂದರು, ಹೆಣವೂ ಸಿಗಲಿಲ್ಲ. ಬಿಸಿಲಿನ ದೇಶದಲ್ಲಿ ಅವನ ಹೆಂಡತಿ, ಮಗು ಇದ್ದಾರೆ, ಎಂದಾದರೂ ಹಸಿದು ಬಂದರೆ ತಟ್ಟೆ ಇರಲಿಲ್ಲ ಅನ್ನಿಸಬಾರದು ಎನ್ನುತ್ತಿದ್ದಳು ಅಜ್ಜಿ. ಹಾಗಾದರೆ ಮ್ಲಿನಾರ್ ಯಾರು ಎಂದು ವೇಣಿ ಕೇಳಿದಳು. ಮ್ಲಿನಾರ್ ಎಂದರೆ ಗಿರಣಿಯವರು ಎಂದ ಮುದುಕ; ಅದು ಊರು ಈ ಮನೆಯನ್ನು ಕರೆಯುವ ಹೆಸರು, ದಫ್ತರದ ಹೆಸರು ಬೇರೆ.

ವೇಣಿ ಕಾಲ ಬಳಿಯ ಚೀಲಕ್ಕೆ ಕೈ ಹಾಕಿದಳು. ಸುತ್ತಿದ್ದ ಸೀರೆ ಬಿಚ್ಚಿ ನನ್ನನ್ನು ಮೇಜಿನ ಮೇಲಿಟ್ಟಳು. ಮುದುಕ ನನ್ನನ್ನು ನೋಡಿದ, ಗೋಡೆಯನ್ನು ನೋಡಿದ. ಅಲ್ಲಿ ಕುದುರೆ ಸವಾರನಿದ್ದ, ಉದ್ದ ಲಂಗದ ನನ್ನಮ್ಮನಿದ್ದಳು, ನಡುವೆ ಬರಿಯ ಮೊಳೆ ಇತ್ತು.

ಫೋನು ಮತ್ತೆ ಹೊಡೆದುಕೊಂಡಿತು. ಹಾನಾ ತಡೆಯುವ ಮೊದಲೇ ಮುದುಕ ಕುರ್ಚಿ ಸರಿಸಿ ಎದ್ದ. ಕೋಲೂರಿಕೊಂಡು ಹೋಗಿ ಕೋಟು ತಂದು ವೇಣಿಯ ಮಡಿಲಿಗಿಟ್ಟ. ನನಗೆ ವಯಸ್ಸಾಗಿದೆ, ಎದ್ದರೆ ನಾನೇ ಏಳಬೇಕು ಎಂದ.

ಕರೆ ಮಾಡಿದವಳು ಕಾಂಚನಾ. ಮಗ ಕಿವಿಗೆ ಹಿಡಿದುಕೊಟ್ಟಿದ್ದ. ಏನಾದರೂ ತಿಳಿಯಿತೇ ಎಂದು ಕೇಳುವುದಕ್ಕೂ ಉಸಿರು ಸಾಲುತ್ತಿರಲಿಲ್ಲ.

"ಅವ್ವ, ಇಲ್ಲಿ ನಿಂಗೂ ಅಜ್ಜಿಗೂ ತಟ್ಟೆ ಮಡಗವ್ರೆ ಕನವ್ವ. ನೀನು ಕೂಸಾಗಿದ್ದಾಗ್ನಿಂದ ವರ್ಷವರ್ಷವೂ ಮಡಗವ್ರೆ. ತಾತ ಬುಟ್ಟೋಗ್ಲಿಲ್ಲ. ನಮ್ಮತ್ರ ಬರಕ್ಕೋಗೇ ಸತ್ತ."

ಆ ಕಡೆಯಿಂದ ಮುದುಕಿ ಕೇಳಿದಳು:

"ಏನ್ ಬಡಿಸವ್ರೆ?"

ಮುದುಕಿ ಒಪ್ಪಿದಳು, ಆಪರೇಷನ್ ಆಯಿತು. ಇತ್ತ ಆ ಊಟದ ಮರುದಿನ ಬೆಳಿಗ್ಗೆ ವೇಣಿ ನನ್ನನ್ನು ಆ ಮೊಳೆಗೆ ಹಾಕಲು ಹೋದರೆ ಬೋಹುಮಿಲ್ ಬಿಡಲಿಲ್ಲ. ಇದು ವೊಯ್ತಾನ ಮಗುವಿನ ಜೊತೆ ಬರಬೇಕೆಂದು ಅಜ್ಜಿಯ ಮಾತು, ಮೊಳೆ ಎಲ್ಲಿಗೂ ಹೋಗುವುದಿಲ್ಲ ಎಂದ.

ಈಗ ನಾನು ಕಾಂಚನಾಳ ತಲೆದೆಸೆಯ ಕಿಟಕಿಯಲ್ಲಿದ್ದೇನೆ. ಅವಳು ಇನ್ನು ಅಷ್ಟು ದೂರ ಹೋಗಲಾರಳು, ನನಗೆ ಗೊತ್ತು, ಅವಳಿಗೂ ಗೊತ್ತು. ಸಂಕ್ರಾಂತಿಗೆ ಕೂತುಕೊಂಡೇ ನನ್ನೊಳಗೆ ಪಾಕ ಹೊಯ್ದಳು. ಕರಕಲು ಮೂಲೆಯನ್ನು ಬೆರಳಲ್ಲಿ ಸವರಿದಳು, ತಪ್ಪಾಯಿತೆನ್ನುವ ಹಾಗೆ. ಮೊದಲ ಕೂಸನ್ನು ಹತ್ತಿಯಲ್ಲಿ ಸುತ್ತಿ ಮಗಳ ಕೈಗಿಟ್ಟು, ಅಂಚೆಯಲ್ಲಿ ಕಳಿಸು, ಬರುವ ಕ್ರಿಸ್‌ಮಸ್ಸಿಗೆ ನನ್ನ ತಟ್ಟೆ ಖಾಲಿ ಇರುವುದು ಬೇಡ ಎಂದಳು.