ಕಿವುಡಿಯ ಕಿವಿಗೆ ಬಿದ್ದ ಪಂಪು

ನನ್ನ ಕಿವಿ ಚೆನ್ನಾಗಿಯೇ ಇದೆ. ಪಕ್ಕದ ಮನೆಯವರು ಪಿಸುಗುಟ್ಟಿದರೂ ಕೇಳಿಸುತ್ತದೆ, ಅದರಲ್ಲೂ ನನ್ನ ವಿಷಯವಾದರೆ ಇನ್ನೂ ಚೆನ್ನಾಗಿ. ಆದರೂ ಬಹಳ ದಿನದಿಂದ ನಮ್ಮ ಮನೆಯಲ್ಲಿ ನಾನೇ ಕಿವುಡಿ. ಟಿವಿ ಗಂಟಲು ಹರಿದುಕೊಳ್ಳುವಷ್ಟು ಜೋರಾಗಿ ಇಡಬೇಕಾದರೆ ಯಾರದಾದರೂ ಕಿವಿ ಮಂದವಾಗಿರಬೇಕಲ್ಲ? ಆ ಹೆಸರನ್ನು ನಾನು ಹೊತ್ತುಕೊಂಡೆ.

ಮಂದವಾಗಿದ್ದು ನಮ್ಮ ಯಜಮಾನರದು. ಮನೆಗೆ ಅಂಟಿಕೊಂಡಿರುವ ನಮ್ಮ ಗಾಡಿ ತೊಳೆಯುವ ಶೆಡ್ಡಿನಲ್ಲಿ ಆಯಸ್ಸೆಲ್ಲ ಮೋಟಾರಿನ ಪಕ್ಕದಲ್ಲೇ ನಿಂತವರು. ನಮ್ಮ ಮಾವನವರಿಗೂ ಹೀಗೇ ಆಗಿತ್ತು. ಜನ ಹಿಂದಿನಿಂದ ನಗುತ್ತಾರೆ ಎಂದು ಗೊತ್ತಾದ ಮೇಲೆ ಅವರು ಕೆಲಸ ಬಿಟ್ಟು ನಡುಮನೆಯ ಮೂಲೆಯಲ್ಲಿ ಕುರ್ಚಿ ಹಿಡಿದರು. ಆಮೇಲೆ ಯಾರ ಜೊತೆಯೂ ಮಾತಾಡಲಿಲ್ಲ. ಆ ಕುರ್ಚಿ ಇನ್ನೂ ಅಲ್ಲೇ ಇದೆ. ಇವರು ಅದರಲ್ಲಿ ಕೂರುವ ಹಾಗಾಗಬಾರದು, ನನಗೆ ಬೇಕಾಗಿದ್ದು ಅಷ್ಟೇ.

ಶೆಡ್ಡಿನ ಹಳೆಯ ಪಂಪಿನ ತಲೆ ಬಿರುಕುಬಿಟ್ಟು, ಎಣ್ಣೆಗೆ ನೀರು ಸೇರಿ ಹಾಲು ಹಾಕಿದ ಚಹಾದಂತಾಯಿತು. ಇವರು ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಪಂಪಿನ ಅಂಗಡಿಗೆ ಹೊರಟರು. ನಾನೂ ಹಿಂದೆ ಬಿದ್ದೆ. ಅಂಗಡಿಯವನು ಬಾಯೊಳಗೇ ಮಾತಾಡುವ ಆಸಾಮಿ. ಇವರು ಎಲ್ಲದಕ್ಕೂ ತಲೆಯಾಡಿಸತೊಡಗಿದರು.

"ಏನಂದ್ರಿ? ನಂಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಹೇಳಿ" ಎಂದೆ.

"ದೊಡ್ಡ ಪಂಪೇ ತಗೊಳ್ಳಿ ಅಂದೆ ಕಣಮ್ಮಾ!" ಎಂದು ಕೂಗಿದ.

ಆಗ ಇವರಿಗೆ ಜೀವ ಬಂತು. "ದೊಡ್ಡದನ್ನ ನಮ್ಮ ಮೋಟಾರು ಎಳೀಬೇಕಲ್ಲಪ್ಪಾ? ಅದಕ್ಕೆ ಬೇಕಾದಷ್ಟು ನೀರು ನಮ್ಮ ಟ್ಯಾಂಕಿನ ಪೈಪಲ್ಲಿ ಬರಲ್ಲ." ಹಳೆಯದನ್ನು ತಿರುಗಿಸುವ ಶಾಫ್ಟಿನ ಸರಳು ಎಷ್ಟು ದಪ್ಪ, ಯಾವ ಕಡೆಗೆ ಚಾಚಿದೆ ಎಂದು ಅಳೆದು, ಅದಕ್ಕೆ ಸರಿಹೊಂದುವುದನ್ನೇ ಆರಿಸಿದರು. ನನಗೆ ಹೆಮ್ಮೆಯಾಯಿತು.

ಮರುದಿನ ಪಂಪು ಕೂರಿಸಿ ಮೊದಲ ಲಾರಿಗೆ ತೊಳೆಯುವ ಗನ್ ಹಿಡಿದರೆ ನೀರು ಒಮ್ಮೆ ಚಿಮ್ಮುತ್ತದೆ, ಒಮ್ಮೆ ಸೊರಗುತ್ತದೆ. ಗನ್ನಿನ ಮೂತಿಯ ನಾಜಲ್ ಬಿಚ್ಚಿ ಊದಿದರು. ನೀರು ಸೋಸುವ ಜಾಲರಿ ತೊಳೆದರು. ಟ್ಯಾಂಕಿಗೆ ಇಣುಕಿದರು, ತುಂಬಿತ್ತು. ಒತ್ತಡದ ತಿರುಪನ್ನು ಅತ್ತ ಇತ್ತ ತಿರುಗಿಸಿದರು. ನನಗೆ ಅಡುಗೆಮನೆಗೇ ಕೇಳಿಸುತ್ತಿತ್ತು: ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಗೊರಗೊರ ಸದ್ದು. ಹೀಗೇ ಓಡಿದರೆ ಹೊಸ ಪಂಪಿಗೂ ಎಳ್ಳುನೀರೇ. ಅದರ ಪಕ್ಕದಲ್ಲೇ ನಿಂತವರಿಗೆ ಅದರ ಪರಿವೆಯೇ ಇರಲಿಲ್ಲ.

"ಟೋಪಿ ಹಾಕ್ಬಿಟ್ಟ ಕಣೇ ಆ ಅಂಗಡಿಯವ್ನು! ಈಗ್ಲೇ ಬಿಚ್ಕೊಂಡು ಹೋಗಿ ಅವನ ಮುಂದೆ ಕುಕ್ತೀನಿ" ಎಂದು ಸ್ಪ್ಯಾನರ್ ತೆಗೆದರು.

ಇವರು ಅಲ್ಲಿಗೆ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅಂಗಡಿಯವನು ಪಂಪು ಓಡಿಸಿ ನೋಡುತ್ತಾನೆ. ಅಲ್ಲಿ ಸದ್ದಿಲ್ಲದೆ ಓಡುತ್ತದೆ. "ನಿಮ್ಮಲ್ಲಿ ಗೊರಗೊರ ಅನ್ನೋದು ಕೇಳಿಸ್ಲಿಲ್ವಾ?" ಎಂದು ನಾಲ್ಕು ಜನರ ಮುಂದೆ ಕೇಳುತ್ತಾನೆ.

ಹೊರಗೆ ಓಡಿಬಂದು, "ರೀ, ಅದು ಗಾಳಿ ಎಳೀತಿದೆ. ಸದ್ದು ಬರ್ತಿದೆ" ಎಂದು ಕೂಗಿದೆ.

"ನಿಂಗೆ ಮನೆ ಬೆಲ್ಲೇ ಕೇಳ್ಸಲ್ಲ, ಪಂಪು ಕೇಳ್ಸುತ್ತಂತೆ!" ಎಂದರು ಇವರು. ಲಾರಿ ಡ್ರೈವರ್ ಕಿಸಕ್ಕೆಂದ.

ನನಗೆ ಪಿತ್ತ ನೆತ್ತಿಗೇರಿತು. ಬಕೆಟ್ಟಿನ ಸೋಪಿನ ನೊರೆಯನ್ನು ಮಗ್ಗಿನಲ್ಲಿ ಮೊಗೆದು, ಸದ್ದನ್ನೇ ಹಿಡಿದು ಬಗ್ಗಿ, ಟ್ಯಾಂಕಿನ ಪೈಪು ಪಂಪಿಗೆ ಸೇರುವ ಕಡೆ ಸುರಿದೆ. ಪೈಪು ನೊರೆಯನ್ನು ಒಳಗೆ ಎಳೆದುಕೊಂಡಿತು. ಸದ್ದು ನಿಂತು, ನೀರು ಒಂದು ಗಳಿಗೆ ನೇರವಾಗಿ ಚಿಮ್ಮಿ ಮತ್ತೆ ಸೊರಗಿತು. ಇವರು ಕಣ್ಣು ಬಿಟ್ಟುಕೊಂಡು ನೋಡಿದರು. ಪಂಪು ಹೊಸದು, ಪೈಪು ಹಳೆಯದೇ. ಅದರ ಬಾಯಿ ಒಣಗಿ ಗಟ್ಟಿಯಾಗಿ ಕ್ಲಿಪ್ಪಿಗೆ ಸಿಕ್ಕದೆ, ಸಂದಿನಿಂದ ಗಾಳಿ ನುಗ್ಗುತ್ತಿತ್ತು. ಬಾಯಿ ಕತ್ತರಿಸಿ, ಹೊಸ ಕ್ಲಿಪ್ಪು ಬಿಗಿದ ಮೇಲೆ ಲಾರಿಯ ಕೆಸರು ಹಕ್ಕಳೆ ಹಕ್ಕಳೆಯಾಗಿ ಬಿತ್ತು.

ಲಾರಿ ಹೋಯಿತು. ಇವರು ಕೈ ಒರೆಸಿಕೊಳ್ಳುತ್ತಾ ಕೇಳಿದರು. "ಇಷ್ಟೊಂದು ಜಾಯಿಂಟ್ ಇದೆ. ನೀನು ಸೀದಾ ಅಲ್ಲಿಗೇ ಹೇಗೆ ಹೋದೆ?"

ಅದೃಷ್ಟ ಎನ್ನಬಹುದಿತ್ತು. ಸುಳ್ಳು ಸಾಕೆನಿಸಿತು.

"ಕೇಳಿಸ್ತು."

"ಯಾವಾಗ್ಲೂ ಕೇಳಿಸ್ತಿತ್ತಾ?"

ತಲೆಯಾಡಿಸಿದೆ. ಅವರು ಸ್ಪ್ಯಾನರ್ ಎತ್ತಿಡಲು ಹೋದರು.

ಸಂಜೆ ಒಳಗೆ ಬಂದವರು ನೇರವಾಗಿ ಮೂಲೆಗೆ ಹೋಗಿ ಆ ಕುರ್ಚಿಯಲ್ಲಿ ಕೂತರು. ಮಾವನವರ ಕಥೆಯೇ ಮತ್ತೆ ಶುರುವಾಯಿತು ಎಂದುಕೊಂಡೆ. ರಿಮೋಟ್ ತೆಗೆದು ಟಿವಿಯ ಸದ್ದು ಇಳಿಸುತ್ತಾ ಹೋದರು. "ಇಷ್ಟು ಸಾಕಾ ನಿಂಗೆ? ಇಷ್ಟು ದಿನ ತಲೆ ಚಿಟ್ಟು ಹಿಡಿದುಹೋಗಿರ್ಬೇಕು."

ನಾನು ಉತ್ತರ ಕೊಡುವ ಮೊದಲೇ ಎದ್ದು, ಕುರ್ಚಿಯನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದರು.

"ಅದನ್ನೆಲ್ಲಿಗೆ ತಗೊಂಡ್ ಹೋಗ್ತೀರಿ?" ಎಂದು ಗಟ್ಟಿಯಾಗಿ ಕೇಳಿದೆ.

"ಶೆಡ್ಡಿಗೆ. ಮೋಟಾರ್ ಪಕ್ಕ ಹಾಕ್ತೀನಿ, ನೀನು ಕೂತ್ಕೋ. ಪಂಪು ಏನಂತಿದೆ ಅಂತ ನಂಗೆ ಹೇಳೋರು ಬೇಕಲ್ವೇನೇ?"

ಅಳು ಬಂತು. ಅವರಿಗೂ ಕೇಳಿಸಲಿ ಎಂದು ಜೋರಾಗಿಯೇ ಅತ್ತೆ.